ನಿಸರ್ಗಮೂಲ ವ್ಯಕ್ತಿನಾಮಗಳು ಮತ್ತು ಲಿಂಗಭಾವ: ಒಂದು ಭಾಷಿಕ ವಿವೇಚನೆ

ಕನ್ನಡದಲ್ಲಿ ‘ಮಗು’ ಎಂಬ ಪದ ನಪುಂಸಕಲಿಂಗದ್ದು. ‘ಮಗು ಅತ್ತಿತು’, ‘ಕೂಸು ಮಲಗಿದೆ’, ‘ಶಿಶು ನಕ್ಕಿತು’ ಎಂಬ ಪ್ರಯೋಗಗಳು ಸಹಜವಾಗಿವೆ. ಹುಟ್ಟಿದ ಕೂಸು ಗಂಡೋ ಹೆಣ್ಣೋ ಎಂಬುದು ಮನೆಯವರಿಗೆ ತಿಳಿದಿದ್ದರೂ ಭಾಷೆ ಅದನ್ನು ಕೆಲಕಾಲ ‘ಅದು’ ಎಂದೇ ಕರೆಯಬಲ್ಲದು. ಹೂ, ಹೊಳೆ, ಮಳೆ, ಮುಗಿಲು, ಬೆಟ್ಟ ಮುಂತಾದ ನಿಸರ್ಗವಾಚಕಗಳೂ ಕನ್ನಡದಲ್ಲಿ ನಪುಂಸಕಗಳೇ. ಹಾಗಿದ್ದೂ ಇಂತಹ ಒಂದು ಪದವನ್ನು ಮಗುವಿಗೆ ಹೆಸರಾಗಿ ಇಟ್ಟೊಡನೆ ಅದು ಗಂಡಿನ ಹೆಸರು ಅಥವಾ ಹೆಣ್ಣಿನ ಹೆಸರು ಎಂಬ ಭಾವನೆ ಕೇಳುಗರಲ್ಲಿ ಉಂಟಾಗುತ್ತದೆ. ‘ಸಾಗರ’ ಗಂಡು, ‘ಸರಿತಾ’ ಹೆಣ್ಣು. ‘ಪವನ’ ಗಂಡು, ‘ಪುಷ್ಪಾ’ ಹೆಣ್ಣು. ಎರಡು ನಪುಂಸಕಗಳು ಕೂಡಿದಾಗ ಹುಟ್ಟುವ ಈ ಲಿಂಗಭಾವ ಎಲ್ಲಿಂದ ಬರುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪರಿಭಾಷೆಯ ಬಗ್ಗೆ ಒಂದು ಸ್ಪಷ್ಟನೆ ಅಗತ್ಯ. ವ್ಯಾಕರಣದಲ್ಲಿ ‘ನಾಮಪ್ರಕೃತಿ’ ಎಂದರೆ ವಿಭಕ್ತಿ ಪ್ರತ್ಯಯ ಹತ್ತುವ ಮೂಲರೂಪ. ಗೊಂದಲವಾಗದಿರಲೆಂದು ಇಲ್ಲಿ ‘ಪ್ರಕೃತಿನಾಮ’ ಎನ್ನುವ ಬದಲು ‘ನಿಸರ್ಗನಾಮ’ ಎಂಬ ಪದವನ್ನು ಬಳಸಲಾಗಿದೆ. ಪದವೊಂದಕ್ಕೆ ವ್ಯಾಕರಣ ವಿಧಿಸುವ ಲಿಂಗವನ್ನು ‘ವ್ಯಾಕರಣಲಿಂಗ’ ಎಂದೂ, ಹೆಸರನ್ನು ಕೇಳಿದ ಮಾತ್ರಕ್ಕೆ ಅದು ಗಂಡಿನದು, ಹೆಣ್ಣಿನದು ಎಂದು ಮೂಡುವ ಅನಿಸಿಕೆಯನ್ನು ‘ಲಿಂಗಭಾವ’ ಎಂದೂ ಕರೆಯಲಾಗಿದೆ. ಇವೆರಡೂ ಒಂದೇ ಅಲ್ಲವೆಂಬುದು ಮುಂದಿನ ವಿವೇಚನೆಯಿಂದ ವ್ಯಕ್ತವಾಗುತ್ತದೆ.

1. ವ್ಯಾಕರಣದ ನೆಲೆ

ಸಂಸ್ಕೃತದಲ್ಲಿ ಲಿಂಗ ಶಬ್ದವನ್ನು ಅವಲಂಬಿಸಿದೆ. ವೃಕ್ಷ ಪುಲ್ಲಿಂಗ, ಲತಾ ಸ್ತ್ರೀಲಿಂಗ, ಪುಷ್ಪ ನಪುಂಸಕಲಿಂಗ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅವಲಂಬಿಸಿದೆ. ಗಂಡಸರನ್ನು ಹೇಳುವ ಪದ ಪುಲ್ಲಿಂಗ, ಹೆಂಗಸರನ್ನು ಹೇಳುವ ಪದ ಸ್ತ್ರೀಲಿಂಗ, ಉಳಿದುದು ನಪುಂಸಕ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಸ್ಕೃತ ವ್ಯಾಕರಣದ ಚೌಕಟ್ಟನ್ನು ಬಹುಮಟ್ಟಿಗೆ ಅನುಸರಿಸಿದರೂ ಲಿಂಗದ ವಿಷಯದಲ್ಲಿ ಕನ್ನಡದ ಈ ಸ್ವಭಾವವನ್ನು ಗುರುತಿಸಿದ್ದಾನೆ. ಸಂಸ್ಕೃತದ ವೃಕ್ಷ, ಲತೆ, ಪುಷ್ಪಗಳು ಕನ್ನಡಕ್ಕೆ ಬಂದಾಗ ಮೂರೂ ನಪುಂಸಕಗಳಾಗುತ್ತವೆ. ‘ವೃಕ್ಷ ಬಿದ್ದಿತು’, ‘ಲತೆ ಹಬ್ಬಿತು’, ‘ಪುಷ್ಪ ಅರಳಿತು’ ಎನ್ನುವಾಗ ಮೂಲದ ಭೇದ ಉಳಿಯುವುದಿಲ್ಲ.

ಇದಕ್ಕೆ ಅಪವಾದಗಳಿವೆ. ‘ಸೂರ್ಯ ಮೂಡಿದನು’, ‘ಸೂರ್ಯ ಮೂಡಿತು’ ಎಂಬ ಎರಡೂ ಬಗೆಯ ಪ್ರಯೋಗಗಳನ್ನು ವ್ಯಾಕರಣಗಳು ಪುನ್ನಪುಂಸಕಲಿಂಗವೆಂದು ವಿವರಿಸುತ್ತವೆ. ‘ಕಾವೇರಿ ತುಂಬಿ ಹರಿಯಿತು’ ಎಂದೂ ‘ಕಾವೇರಿ ತುಂಬಿ ಹರಿದಳು’ ಎಂದೂ ಹೇಳುವುದುಂಟು. ಮೊದಲನೆಯದರಲ್ಲಿ ಕಾವೇರಿ ನೀರಿನ ಹರಿವು, ಎರಡನೆಯದರಲ್ಲಿ ತಾಯಿ ಅಥವಾ ದೇವತೆ. ವಸ್ತು ಒಂದೇ ಆದರೂ ಅದನ್ನು ಕಾಣುವ ದೃಷ್ಟಿಯಂತೆ ಕ್ರಿಯಾಪದ ಬದಲಾಗುತ್ತದೆ.

ವ್ಯಕ್ತಿನಾಮಕ್ಕೆ ಸಂಬಂಧಿಸಿದಂತೆ ಇಲ್ಲಿ ಮುಖ್ಯವಾದುದು ವಿಭಕ್ತಿ ಪ್ರತ್ಯಯದ ಹಿಂದೆ ಬರುವ ಆಗಮ. ‘ಸಾಗರದ’ ಎಂದರೆ ಕಡಲು, ‘ಸಾಗರನ’ ಎಂದರೆ ಹುಡುಗ. ‘ಪುಷ್ಪದ’ ಎಂದರೆ ಹೂ, ‘ಪುಷ್ಪಳ’ ಎಂದರೆ ಹುಡುಗಿ. ಅಕಾರಾಂತ ಪದಗಳಲ್ಲಿ ದ, ನ, ಳ ಎಂಬ ಮೂರು ಅಕ್ಷರಗಳು ಇಡೀ ವ್ಯತ್ಯಾಸವನ್ನು ಹೊತ್ತಿವೆ. ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಎಂಬ ಶೀರ್ಷಿಕೆಯನ್ನು ಗಮನಿಸಬಹುದು. ಸಂಸ್ಕೃತದಲ್ಲಿ ನಪುಂಸಕವಾದ, ಇಂದು ಹೆಚ್ಚಾಗಿ ಹೆಣ್ಣುಮಕ್ಕಳ ಹೆಸರಾಗಿರುವ ‘ರತ್ನ’ ಇಲ್ಲಿ ಗಂಡಸು ಎಂಬುದನ್ನು ಒಂದು ನಕಾರ ತಿಳಿಸುತ್ತದೆ. ಅದೇ ಪದದ ತದ್ಭವವಾದ ‘ರನ್ನ’ 10ನೆಯ ಶತಮಾನದ ಮಹಾಕವಿಯ ಹೆಸರು.

ಇಕಾರಾಂತ ಮತ್ತು ಉಕಾರಾಂತ ಪದಗಳಲ್ಲಿ ಈ ಸೌಲಭ್ಯವಿಲ್ಲ. ಗಿರಿಯ, ರವಿಯ, ರಶ್ಮಿಯ, ಭೂಮಿಯ ಎಂಬ ರೂಪಗಳಾಗಲೀ ಭಾನುವಿನ, ಇಂದುವಿನ, ಸಿಂಧುವಿನ ಎಂಬ ರೂಪಗಳಾಗಲೀ ಲಿಂಗವನ್ನು ಸೂಚಿಸುವುದಿಲ್ಲ. ಕ್ರಿಯಾಪದ ಬಂದಾಗ ಮಾತ್ರ ‘ಶಶಿ ಬಂದನು’, ‘ಶಶಿ ಬಂದಳು’ ಎಂದು ತಿಳಿಯುತ್ತದೆ. ಗೌರವ ಬಹುವಚನದಲ್ಲಿ ‘ಶಶಿ ಅವರು ಬಂದರು’ ಎಂದಾಗ ಆ ಸುಳಿವೂ ಇಲ್ಲವಾಗುತ್ತದೆ.

2. ಸಂಸ್ಕೃತ ಲಿಂಗ ಮತ್ತು ಕನ್ನಡದ ಲಿಂಗಭಾವ

ಇಂದಿನ ನಿಸರ್ಗನಾಮಗಳಲ್ಲಿ ಬಹುಪಾಲು ಸಂಸ್ಕೃತಮೂಲದವು. ಆದ್ದರಿಂದ ಅವುಗಳ ಲಿಂಗಭಾವವೂ ಸಂಸ್ಕೃತದ ಶಬ್ದಲಿಂಗದಿಂದ ಬಂದಿರಬೇಕೆಂದು ಊಹಿಸುವುದು ಸಹಜ. ಸಾಗರ, ಪವನ, ಅನಿಲ, ರವಿ, ವಸಂತಗಳು ಸಂಸ್ಕೃತದಲ್ಲೂ ಪುಲ್ಲಿಂಗ, ಹೆಸರಾಗಿಯೂ ಗಂಡು. ಲತಾ, ಸಂಧ್ಯಾ, ತಾರಾ, ನಿಶಾ ಸಂಸ್ಕೃತದಲ್ಲೂ ಸ್ತ್ರೀಲಿಂಗ, ಹೆಸರಾಗಿಯೂ ಹೆಣ್ಣು. ಆದರೆ ಈ ಊಹೆ ಹೆಚ್ಚು ದೂರ ಸಾಗುವುದಿಲ್ಲ.

‘ಇಂದು’ ಸಂಸ್ಕೃತದಲ್ಲಿ ಪುಲ್ಲಿಂಗ. ಕನ್ನಡದಲ್ಲಿ ಹೆಣ್ಣಿನ ಹೆಸರು. ‘ರಶ್ಮಿ’ ಪುಲ್ಲಿಂಗ, ಕನ್ನಡದಲ್ಲಿ ಹೆಣ್ಣಿನ ಹೆಸರು. ‘ಮೇಘ’ ಪುಲ್ಲಿಂಗ. ಕಾಳಿದಾಸನ ‘ಮೇಘದೂತ’ದಲ್ಲಿ ಮೋಡ ಪುರುಷ, ದಾರಿಯ ನದಿಗಳು ಅವನ ನಾಯಿಕೆಯರು. ಬೇಂದ್ರೆಯವರ ಅನುವಾದದ ಮೂಲಕ ಆ ಕಾವ್ಯವನ್ನು ಬಲ್ಲ ಕನ್ನಡ ಸಮಾಜವೇ ಇಂದು ‘ಮೇಘಾ’ ಎಂಬ ಹೆಸರನ್ನು ಹೆಣ್ಣುಮಕ್ಕಳಿಗೆ ಇಡುತ್ತಿದೆ. ‘ಜ್ಯೋತಿಸ್’, ‘ಪುಷ್ಪ’, ‘ಕುಸುಮ’ ನಪುಂಸಕಗಳು, ಹೆಸರಾಗಿ ಹೆಣ್ಣು. ಇದಕ್ಕೆ ವಿರುದ್ಧವಾಗಿ ‘ಶರದ್’ ಸ್ತ್ರೀಲಿಂಗ. ‘ಶರತ್’ ಎಂಬುದು ಗಂಡಿನ ಹೆಸರು. ‘ಪೃಥ್ವೀ’ ಸ್ತ್ರೀಲಿಂಗ; ಆದರೆ 2010ರಲ್ಲಿ ತೆರೆಕಂಡ ‘ಪೃಥ್ವಿ’ ಚಲನಚಿತ್ರದಲ್ಲಿ ಅದು ಪುನೀತ್ ರಾಜ್‌ಕುಮಾರ್ ಅಭಿನಯಿಸಿದ ನಾಯಕನ ಹೆಸರು. ಶರಚ್ಚಂದ್ರ, ಪೃಥ್ವೀರಾಜ ಎಂಬ ಸಮಾಸನಾಮಗಳ ಪೂರ್ವಪದಗಳೇ ಬಿಡಿಯಾಗಿ ನಿಂತು ಉತ್ತರಪದದ ಪುಲ್ಲಿಂಗವನ್ನು ಉಳಿಸಿಕೊಂಡಿವೆ ಎಂದು ಇವನ್ನು ವಿವರಿಸಬಹುದು. ಭೂಮಿಯ ಪರ್ಯಾಯಪದಗಳಾದ ಅವನಿ, ವಸುಧಾ, ವಸುಂಧರಾ ಹೆಣ್ಣಿನ ಹೆಸರಾಗಿಯೇ ಉಳಿದು ಪೃಥ್ವಿ ಮಾತ್ರ ಗಂಡಿನ ಕಡೆಗೂ ವಾಲಿರುವುದರಿಂದ, ಲಿಂಗಭಾವಕ್ಕೆ ಅರ್ಥವೊಂದೇ ಕಾರಣವಲ್ಲ ಎಂಬುದು ಸ್ಪಷ್ಟ.

ಇಂದು, ರಶ್ಮಿಗಳ ಪಲ್ಲಟಕ್ಕೆ ಧ್ವನಿಮೂಲದ ಕಾರಣವೊಂದಿದೆ. ಸ್ತ್ರೀಯರ ಹೆಸರು ಸುಲಭವಾಗಿ ಉಚ್ಚರಿಸುವಂತಿದ್ದು ದೀರ್ಘಸ್ವರದಲ್ಲಿ ಕೊನೆಗೊಳ್ಳಬೇಕೆಂದು ಮನುಸ್ಮೃತಿಯ ಎರಡನೆಯ ಅಧ್ಯಾಯ ವಿಧಿಸುತ್ತದೆ. ಸಂಸ್ಕೃತದಲ್ಲಿ ಲತಾ, ನದೀ ಮುಂತಾದ ದೀರ್ಘಾಂತ ರೂಪಗಳು ಸ್ತ್ರೀಲಿಂಗದ ಗುರುತುಗಳೂ ಹೌದು. ಆದರೆ ಇಂತಹ ಪದಗಳು ಕನ್ನಡಕ್ಕೆ ಬರುವಾಗ ಕೊನೆಯ ದೀರ್ಘ ನಿಲ್ಲುವುದಿಲ್ಲ. ಲತಾ ‘ಲತೆ’ಯಾಗುತ್ತದೆ, ನದೀ ‘ನದಿ’ಯಾಗುತ್ತದೆ, ವಧೂ ‘ವಧು’ವಾಗುತ್ತದೆ. ಹೀಗಾಗಿ ಸಂಸ್ಕೃತದಲ್ಲಿ ದೀರ್ಘ-ಹ್ರಸ್ವಗಳಿಂದ ಬೇರೆಯಾಗಿದ್ದ ‘ನದೀ’ ಮತ್ತು ‘ಗಿರಿ’ ಕನ್ನಡದಲ್ಲಿ ಒಂದೇ ಅಂತ್ಯವುಳ್ಳ ಪದಗಳಾದವು. ಲಕ್ಷ್ಮಿ, ಗೌರಿ, ಪಾರ್ವತಿ ಎಂಬ ಬಹುಬಳಕೆಯ ಸ್ತ್ರೀನಾಮಗಳ ಸಾಲಿನಲ್ಲಿ ರಶ್ಮಿಯೂ ಸೇರಿತು. ಅದೇ ಇಕಾರಾಂತದ ರವಿ, ಗಿರಿ ಏಕೆ ಸೇರಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ರವಿ ಪುರಾಣದಲ್ಲಿ ಪುರುಷದೇವತೆ. ಗಿರಿ ಗಿರಿರಾಜ, ಗಿರೀಶರ ನೆನಪನ್ನು ಹೊತ್ತಿದೆ. ರಶ್ಮಿಗೆ ಅಂತಹ ಪುರಾಣದ ಆಸರೆ ಇರಲಿಲ್ಲ. ಅಂತ್ಯಸ್ವರ ಲಿಂಗವನ್ನು ಅನಿಶ್ಚಿತಗೊಳಿಸಿದಾಗ ಪುರಾಣ ಮತ್ತು ಕಾವ್ಯಗಳ ನೆನಪು ಅದನ್ನು ನಿರ್ಧರಿಸಿತೆಂದು ಇದರಿಂದ ತಿಳಿಯಬಹುದು.

ಪ್ರದೇಶಭೇದವೂ ಇದನ್ನೇ ಸಮರ್ಥಿಸುತ್ತದೆ. ‘ಪಂಕಜ್’ ಉತ್ತರ ಭಾರತದಲ್ಲಿ ಗಂಡಿನ ಹೆಸರು. ಕರ್ನಾಟಕದಲ್ಲಿ ‘ಪಂಕಜ’ ಎಂದರೆ ಸಾಮಾನ್ಯವಾಗಿ ಹೆಣ್ಣು. ಸಂಸ್ಕೃತದ ‘ಕಿರಣ’ ಪುಲ್ಲಿಂಗ, ಹಿಂದಿಯಲ್ಲಿ ಅದು ಸ್ತ್ರೀಲಿಂಗ. ಕನ್ನಡಿಗರಿಗೆ ಕಿರಣ್ ಎಂದೊಡನೆ ಹುಡುಗನ ಚಿತ್ರ ಮೂಡಿದರೆ, ಕಿರಣ್ ಬೇಡಿ, ಕಿರಣ್ ದೇಸಾಯಿ, ಬೆಂಗಳೂರಿನಲ್ಲೇ ಹುಟ್ಟಿದ ಉದ್ಯಮಿ ಕಿರಣ್ ಮಜುಂದಾರ್ ಶಾ ಮಹಿಳೆಯರು. ಕಮಲಕ್ಕಾಗಲೀ ಕಿರಣಕ್ಕಾಗಲೀ ಸ್ವತಃ ಗಂಡುತನ, ಹೆಣ್ಣುತನಗಳಿದ್ದಿದ್ದರೆ ನಾಡು ಬದಲಾದಂತೆ ಅವು ಬದಲಾಗುತ್ತಿರಲಿಲ್ಲ.

3. ದೇಸಿ ನಾಮಪದ್ಧತಿ

ಹಳ್ಳಿಗಳ ಕನ್ನಡ ನಾಮಪದ್ಧತಿ ಈ ಸಮಸ್ಯೆಯನ್ನು ಬೇರೊಂದು ರೀತಿಯಲ್ಲಿ ಪರಿಹರಿಸಿಕೊಂಡಿತ್ತು. ನಪುಂಸಕ ಪದಕ್ಕೆ ಅಪ್ಪ, ಅಯ್ಯ, ಅಣ್ಣ ಸೇರಿದರೆ ಗಂಡು. ಅಮ್ಮ, ಅವ್ವ, ಅಕ್ಕ ಸೇರಿದರೆ ಹೆಣ್ಣು. ಹೊನ್ನಪ್ಪ-ಹೊನ್ನಮ್ಮ, ಮುತ್ತಪ್ಪ-ಮುತ್ತಮ್ಮ, ನಾಗಪ್ಪ-ನಾಗಮ್ಮ, ಗಂಗಪ್ಪ-ಗಂಗಮ್ಮ ಎಂಬ ಜೋಡಿಗಳಲ್ಲಿ ನಿಸರ್ಗವಾಚಕಕ್ಕೆ ಲಿಂಗದ ಹೊರೆಯಿಲ್ಲ. ಅದನ್ನು ಬಂಧುವಾಚಕ ಹೊತ್ತಿದೆ. ಆದ್ದರಿಂದಲೇ ಯಾವ ನಿಸರ್ಗಪದವಾದರೂ ಯಾರ ಹೆಸರಾದರೂ ಆಗಬಹುದಿತ್ತು.

ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಕಾದಂಬರಿಯ ನಾಯಕ ಹೂವಯ್ಯ. ಸಂಸ್ಕೃತದ ಪುಷ್ಪ, ಕುಸುಮ, ಸುಮಗಳು ಹೆಣ್ಣಿನ ಹೆಸರುಗಳಾಗಿರುವಾಗ ಅಚ್ಚಗನ್ನಡದ ‘ಹೂ’ ಮಲೆನಾಡಿನ ಗಂಡಸಿನ ಹೆಸರಾಗಿರುವುದು ಓದುಗರಿಗೆ ಎಲ್ಲಿಯೂ ವಿಚಿತ್ರವೆನಿಸುವುದಿಲ್ಲ. ಕೊಡಗಿನಲ್ಲಿ ಕಾವೇರಿ ಹೆಣ್ಣಿನ ಹೆಸರಾಗಿರುವಂತೆ ಕಾವೇರಪ್ಪ ಗಂಡಿನ ಹೆಸರು. ಹರಿದಾಸ ಸಾಹಿತ್ಯದ ಪ್ರಮುಖ ಕವಯಿತ್ರಿ ಹೆಳವನಕಟ್ಟೆ ಗಿರಿಯಮ್ಮ. ಸಂಸ್ಕೃತದಲ್ಲಿ ಪುಲ್ಲಿಂಗವಾದ ಗಿರಿ ಇಲ್ಲಿ ಹೆಣ್ಣಿನ ಹೆಸರಿನ ಮೊದಲ ಪದ. ‘ಹದಿಬದೆಯ ಧರ್ಮ’ವನ್ನು ರಚಿಸಿದವಳು ಸಂಚಿ ಹೊನ್ನಮ್ಮ, ಹೊನ್ನಿನ ಹಳಗನ್ನಡ ರೂಪವಾದ ‘ಪೊನ್’ ಪದದಿಂದ ಬಂದ ‘ಪೊನ್ನ’ ಚಕ್ರವರ್ತಿ ಕವಿಯ ಹೆಸರು. ಅದೇ ಲೋಹ ಒಂದು ಕಡೆ ಕವಿಯಾಗಿ, ಇನ್ನೊಂದು ಕಡೆ ಕವಯಿತ್ರಿಯಾಗಿ ಸಾಹಿತ್ಯಚರಿತ್ರೆಯಲ್ಲಿ ನಿಂತಿದೆ.

ಈ ವಾದಕ್ಕೆ ಒಂದು ಆಕ್ಷೇಪವಿದೆ. ಗಂಗಪ್ಪ, ನಾಗಮ್ಮ, ಗಿರಿಯಮ್ಮ ಎಂಬವು ನಿಜವಾಗಿ ನಿಸರ್ಗನಾಮಗಳೇ, ದೈವನಾಮಗಳಲ್ಲವೇ ಎಂದು ಕೇಳಬಹುದು. ಈ ಆಕ್ಷೇಪ ನ್ಯಾಯವಾದುದು. ಹರಕೆ ಹೊತ್ತು ದೈವದ ಹೆಸರಿಡುವ ಪದ್ಧತಿ ಕನ್ನಡನಾಡಿನಲ್ಲಿ ವ್ಯಾಪಕವಾಗಿದ್ದು, ಗಂಗಪ್ಪನ ಹೆಸರಿನಲ್ಲಿ ನೀರಿಗಿಂತ ಗಂಗಾದೇವಿಯ ನೆನಪು ಹೆಚ್ಚು. ಆದರೆ ಈ ಆಕ್ಷೇಪ ಪ್ರಸ್ತುತ ವಾದವನ್ನು ಬಲಪಡಿಸುತ್ತದೆ. ಗಂಗೆ ಸ್ತ್ರೀದೇವತೆ ಎಂಬ ಅರಿವಿದ್ದೂ ಗಂಡುಮಗುವಿಗೆ ಅವಳ ಹೆಸರಿಡಲು ದೇಸಿ ಪದ್ಧತಿ ಹಿಂಜರಿಯಲಿಲ್ಲ. ಹೆಸರು ಕೊಟ್ಟ ದೈವದ ಲಿಂಗ ಬೇರೆ, ಹೆಸರು ಪಡೆದ ಮಗುವಿನ ಲಿಂಗ ಬೇರೆ ಎಂಬ ವಿವೇಕ ಆ ಪದ್ಧತಿಯಲ್ಲಿತ್ತು. ಇನ್ನು ಹೂವಯ್ಯ, ಹೊನ್ನಮ್ಮ, ಮುತ್ತಮ್ಮ ಮುಂತಾದ ಹೆಸರುಗಳಲ್ಲಿ ಆರಂಭದ ಪದ ವಸ್ತುವಾಚಕವಾಗಿಯೇ ಉಳಿದಿದೆ.

4. ಕಾವ್ಯಸಂಪ್ರದಾಯದ ಪಾತ್ರ

ಶಿಷ್ಟ ನಾಮಪದ್ಧತಿಯಲ್ಲಿ ಲಿಂಗಭಾವವನ್ನು ರೂಪಿಸಿದ ಶಕ್ತಿಗಳಲ್ಲಿ ಕಾವ್ಯಸಂಪ್ರದಾಯ ಪ್ರಮುಖವಾದುದು. ಬಳ್ಳಿ ಮರವನ್ನು ಅಪ್ಪುತ್ತದೆ, ನದಿ ಕಡಲನ್ನು ಸೇರುತ್ತದೆ, ಬೆಳದಿಂಗಳು ಚಂದ್ರನಿಂದ ಹೊಮ್ಮುತ್ತದೆ ಎಂಬ ಕವಿಸಮಯಗಳು ದಂಪತಿಗಳ ರೂಪಕಗಳಾಗಿ ಶತಮಾನಗಳ ಕಾಲ ಬಳಕೆಯಾಗಿವೆ. ಕಾಳಿದಾಸನ ‘ಅಭಿಜ್ಞಾನ ಶಾಕುಂತಲ’ದ ಮೊದಲ ಅಂಕದಲ್ಲಿ ಶಕುಂತಲೆ ಬಳ್ಳಿಯೊಂದಕ್ಕೆ ‘ವನಜ್ಯೋತ್ಸ್ನಾ’ ಎಂದು ಹೆಸರಿಟ್ಟಿದ್ದಾಳೆ. ಆ ಬಳ್ಳಿ ಮಾವಿನ ಮರವನ್ನು ವರಿಸಿದೆ. ಮಾತನಾಡುವವಳ ಹೆಸರೂ ಶಕುಂತ ಪಕ್ಷಿಗಳಿಂದ ಬಂದುದು.

ಇಲ್ಲಿ ಒಂದು ವಿರೋಧಾಭಾಸ ಗಮನಾರ್ಹ. ನಕ್ಷತ್ರ, ಮರ, ನದಿ, ಪರ್ವತ, ಪಕ್ಷಿ, ಸರ್ಪಗಳ ಹೆಸರುಳ್ಳ ಕನ್ಯೆಯನ್ನು ವರಿಸಬಾರದೆಂದು ಮನುಸ್ಮೃತಿಯ ಮೂರನೆಯ ಅಧ್ಯಾಯ ಹೇಳುತ್ತದೆ. ನಿಷೇಧ ಇದೆಯೆಂದರೆ ಅಂತಹ ಹೆಸರುಗಳು ಬಳಕೆಯಲ್ಲಿ ಇದ್ದವೆಂದೇ ಅರ್ಥ. ಸಮಾಜ ಆ ವಿಧಿಯನ್ನು ಪಾಲಿಸಲಿಲ್ಲ. ರೋಹಿಣಿ, ರೇವತಿ, ಸ್ವಾತಿ ಎಂಬ ನಕ್ಷತ್ರನಾಮಗಳೂ ಗಂಗಾ, ತುಂಗಾ, ಕಾವೇರಿ, ಹೇಮಾವತಿ ಎಂಬ ನದೀನಾಮಗಳೂ ಕನ್ನಡದ ಹೆಣ್ಣುಮಕ್ಕಳ ಹೆಸರುಗಳಲ್ಲಿ ಅತ್ಯಂತ ಪರಿಚಿತವಾದವು. ಶಾಸ್ತ್ರ ಬೇಡವೆಂದುದನ್ನು ಕಾವ್ಯ ಮತ್ತು ಭಕ್ತಿ ಉಳಿಸಿಕೊಂಡು ಬಂದವು.

ಆದರೆ ಕಾವ್ಯ ಉಳಿಸಿದುದು ಒಂದು ನಿರ್ದಿಷ್ಟ ಕ್ರಮದಲ್ಲಿ. ಒಂದೇ ನಿಸರ್ಗಪದದಿಂದ ಹುಟ್ಟಿದ ಗಂಡು ಮತ್ತು ಹೆಣ್ಣಿನ ಹೆಸರುಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಈ ಕ್ರಮ ವ್ಯಕ್ತವಾಗುತ್ತದೆ. ಗಿರೀಶ-ಗಿರಿಜಾ, ಶಶಿಧರ-ಶಶಿಕಲಾ, ಚಂದ್ರಶೇಖರ-ಚಂದ್ರಿಕಾ, ಗಂಗಾಧರ-ಗಂಗಾ ಎಂಬ ಜೋಡಿಗಳಲ್ಲಿ ಗಂಡಿನ ಹೆಸರು ನಿಸರ್ಗವಸ್ತುವಿನ ಒಡೆಯನನ್ನು ಅಥವಾ ಅದನ್ನು ಧರಿಸಿದವನನ್ನು ಹೇಳುತ್ತದೆ. ಹೆಣ್ಣಿನ ಹೆಸರು ಆ ವಸ್ತುವನ್ನೋ, ಅದರ ಒಂದು ಅಂಶವನ್ನೋ, ಅದರಿಂದ ಹುಟ್ಟಿದುದನ್ನೋ ಹೇಳುತ್ತದೆ. ಈಶ, ಧರ, ಪತಿ, ಇಂದ್ರ ಎಂಬ ಉತ್ತರಪದಗಳು ಒಂದು ಕಡೆ. ಕಲಾ, ಪ್ರಭಾ, ಲತಾ, ಜಾ ಎಂಬವು ಇನ್ನೊಂದು ಕಡೆ. ವನಜಾ, ಜಲಜಾ, ಶೈಲಜಾ, ಸರೋಜಾ ಎಂಬ ಜಾಂತನಾಮಗಳ ಗುಂಪೇ ಕನ್ನಡದ ಸ್ತ್ರೀನಾಮಗಳಲ್ಲಿದೆ. ವಸುಂಧರಾ, ಧರಿತ್ರಿ ಎಂಬ ಧಾರಣಾರ್ಥದ ಸ್ತ್ರೀನಾಮಗಳು ಈ ಕ್ರಮಕ್ಕೆ ಅಪವಾದಗಳು. ಆದರೆ ಅವು ಭೂಮಿಯನ್ನು ಕುರಿತ ಪದಗಳಿಗೆ ಮಾತ್ರ ಸೀಮಿತವಾಗಿವೆ.

ಕುವೆಂಪು ತಮ್ಮ ಮಕ್ಕಳಿಗಿಟ್ಟ ಹೆಸರುಗಳು ಈ ದೃಷ್ಟಿಯಿಂದ ಕುತೂಹಲಕರ. ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ನಿಸರ್ಗಕವಿಯ ಮನೆಯಲ್ಲಿ ಒಂದೇ ಚಂದ್ರ ಎರಡು ಹೆಸರುಗಳಲ್ಲಿ ಬಂದಿದ್ದಾನೆ. ಮಗನಲ್ಲಿ ಪೂರ್ಣಬಿಂಬ, ಮಗಳಲ್ಲಿ ಕಲೆ. ಇದನ್ನು ಕವಿಯ ವೈಯಕ್ತಿಕ ನಿಲುವೆಂದು ಓದುವುದು ಅವಸರದ ತೀರ್ಮಾನವಾದೀತು. ಸಂಸ್ಕೃತ ನಾಮಪರಂಪರೆ ಒದಗಿಸಿದ ಸಿದ್ಧರೂಪಗಳೇ ಹಾಗಿದ್ದವು. ಹೂವಯ್ಯನನ್ನು ಸೃಷ್ಟಿಸಿದ ಲೇಖಕರೂ ಇವರೇ ಎಂಬುದನ್ನು ನೆನೆದರೆ ಎರಡು ನಾಮಪದ್ಧತಿಗಳು ಒಬ್ಬರಲ್ಲೇ ಹೇಗೆ ಜೊತೆಯಾಗಿ ಇರಬಲ್ಲವೆಂಬುದು ತಿಳಿಯುತ್ತದೆ.

5. ಆಧುನಿಕ ಪಲ್ಲಟಗಳು

ಇಪ್ಪತ್ತನೆಯ ಶತಮಾನದಲ್ಲಿ ಅಪ್ಪ, ಅಮ್ಮ, ಅಯ್ಯ, ಅಕ್ಕ ಎಂಬ ಉತ್ತರಪದಗಳು ವಿದ್ಯಾವಂತ ಕುಟುಂಬಗಳ ಹೆಸರುಗಳಿಂದ ಕ್ರಮೇಣ ಮರೆಯಾದವು. ಇದರ ಪರಿಣಾಮವಾಗಿ ಲಿಂಗವನ್ನು ಸೂಚಿಸುವ ಹೊರೆ ನಿಸರ್ಗಪದದ ಮೇಲೆಯೇ ಬಿದ್ದಿತು. ಅದನ್ನು ನಿಭಾಯಿಸಲು ಹೊಸ ಉಪಾಯವೊಂದು ರೂಢಿಗೆ ಬಂದಿತು. ಗಂಡಿನ ಹೆಸರಿನ ಕೊನೆಯ ಅಕಾರವನ್ನು ಬಿಡುವುದು, ಹೆಣ್ಣಿನ ಹೆಸರಿನಲ್ಲಿ ಅದನ್ನು ಉಳಿಸುವುದು ಅಥವಾ ದೀರ್ಘಗೊಳಿಸುವುದು. ಅರುಣ್-ಅರುಣಾ, ವಸಂತ್-ವಸಂತಾ, ಚಂದನ್-ಚಂದನಾ ಎಂಬ ಜೋಡಿಗಳು ಹೀಗೆ ಹುಟ್ಟಿದವು. ಕನ್ನಡದ ಪದಗಳು ಸ್ವರಾಂತವಾಗಿರುವುದೇ ಸಹಜ. ವ್ಯಂಜನಾಂತದ ಈ ರೂಢಿಯಲ್ಲಿ ಉತ್ತರ ಭಾರತದ ಉಚ್ಚಾರಣೆಯ ಮತ್ತು ಇಂಗ್ಲಿಷ್ ಬರವಣಿಗೆಯ ಪ್ರಭಾವ ಕಾಣುತ್ತದೆ.

ಈ ಉಪಾಯದಿಂದ ಒಂದು ಅನಿರೀಕ್ಷಿತ ಫಲ ದೊರೆಯಿತು. ರಾಮ, ಭೀಮ, ಅರುಣ ಎಂಬ ಪುರುಷನಾಮಗಳಲ್ಲಿ ಅಕಾರವೇ ಕನ್ನಡದ ಸಹಜ ಅಂತ್ಯವಾಗಿತ್ತು. ಗಂಡಿನ ಹೆಸರುಗಳು ವ್ಯಂಜನಾಂತವಾದಂತೆ ಅಕಾರಾಂತ ರೂಪ ಹೆಣ್ಣಿನ ಕಡೆಗೆ ಸರಿಯಿತು. ‘ಚೈತ್ರ’ ಇದಕ್ಕೆ ಸ್ಪಷ್ಟ ನಿದರ್ಶನ. ಕೋಕಿಲೋದಯ ಚೈತ್ರ ಎಂಬಲ್ಲಿ ಗಂಡುಮಗನ ಹೆಸರಾಗಿದ್ದ ಪದ ಮುಂದಿನ ತಲೆಮಾರುಗಳಲ್ಲಿ ಹೆಣ್ಣುಮಕ್ಕಳ 'ಚೈತ್ರಾ' ಆಯಿತು. ಒತ್ತಕ್ಷರದಿಂದ ಕೊನೆಗೊಳ್ಳುವುದರಿಂದ ಅದರ ಅಕಾರವನ್ನು ಬಿಡುವುದು ಕಷ್ಟ. ಸೂರ್ಯ, ಚಂದ್ರಗಳ ಸ್ಥಿತಿಯೂ ಅದೇ ಆದರೂ ಅವಕ್ಕೆ ಪುರಾಣದ ಪುರುಷರೂಪ ರಕ್ಷಣೆ ನೀಡಿತು. ಚೈತ್ರಕ್ಕೆ ಅಂತಹ ರಕ್ಷಣೆ ಇರಲಿಲ್ಲ. ವರ್ಷ, ಮೇಘಗಳ ಪಲ್ಲಟವನ್ನೂ ಹೀಗೆಯೇ ಅರ್ಥೈಸಬಹುದು.

ಇತ್ತೀಚಿನ ದಶಕಗಳಲ್ಲಿ ಅಚ್ಚಗನ್ನಡದ ನಿಸರ್ಗಪದಗಳನ್ನು ಯಾವ ಉತ್ತರಪದವೂ ಇಲ್ಲದೆ ಹೆಸರಾಗಿಡುವ ಪ್ರವೃತ್ತಿ ಕಾಣಿಸಿಕೊಂಡಿದೆ. ನೇಸರ, ಇಂಚರ, ಇಬ್ಬನಿ ಮುಂತಾದವು ಇಂತಹವು. ಇವುಗಳಿಗೆ ಸಂಸ್ಕೃತದ ಶಬ್ದಲಿಂಗವಿಲ್ಲ. ಕನ್ನಡದಲ್ಲಿ ಇವು ನಪುಂಸಕಗಳು. ಆದ್ದರಿಂದ ಇಲ್ಲಾದರೂ ಲಿಂಗಭಾವ ಮುಕ್ತವಾಗಿರಬೇಕಿತ್ತು. ಹಾಗಿದ್ದರೂ ನೇಸರ ಗಂಡೆಂದೂ ಇಂಚರ, ಇಬ್ಬನಿ ಹೆಣ್ಣೆಂದೂ ಭಾವಿಸುವುದು ಸಾಮಾನ್ಯ. ನೇಸರ ಸೂರ್ಯನ ಸ್ಥಾನವನ್ನು ಪಡೆದಿದೆ. ಇಂಚರ ಹಕ್ಕಿಯ ದನಿಯ ಇಂಪು, ಇಬ್ಬನಿ ಎಲೆಯ ಮೇಲಿನ ಹನಿ. ಪದಗಳು ದೇಸಿಯಾದರೂ ಅವನ್ನು ಹಂಚಿರುವ ಕ್ರಮ ಪೂರ್ಣ-ಅಂಶಗಳ ಹಳೆಯ ಕ್ರಮವೇ ಆಗಿದೆ. ಹೂವಯ್ಯನನ್ನು ಸಾಧ್ಯವಾಗಿಸಿದ್ದ ಸ್ವಾತಂತ್ರ್ಯ ಈ ಹೊಸ ದೇಸಿಯಲ್ಲಿ ಇಲ್ಲ.

6. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಥಿರಪಡುತ್ತವೆ. ನಿಸರ್ಗನಾಮಗಳ ಗಂಡುತನ, ಹೆಣ್ಣುತನಗಳು ನಿಸರ್ಗವಸ್ತುವಿನಲ್ಲಿ ಇಲ್ಲ. ಅವು ಸಂಸ್ಕೃತದ ಶಬ್ದಲಿಂಗದಿಂದ ಪೂರ್ಣವಾಗಿ ಬಂದವೂ ಅಲ್ಲ. ಅಂತ್ಯಸ್ವರ, ಪುರಾಣದ ನೆನಪು, ಕವಿಸಮಯ ಮತ್ತು ಉತ್ತರಪದ ಎಂಬ ನಾಲ್ಕು ಅಂಶಗಳು ಕೂಡಿ ಅವನ್ನು ರೂಪಿಸುತ್ತವೆ. ಇವುಗಳಲ್ಲಿ ಒಂದು ದುರ್ಬಲವಾದಾಗ ಇನ್ನೊಂದು ಮುಂದೆ ಬರುತ್ತದೆ. ಉತ್ತರಪದ ಮರೆಯಾದಂತೆ ಕವಿಸಮಯದ ಹಿಡಿತ ಬಿಗಿಯಾಗಿರುವುದು ಆಧುನಿಕ ನಾಮಪದ್ಧತಿಯ ಮುಖ್ಯ ಲಕ್ಷಣ.

ಈ ವಿಷಯಕ್ಕೆ ವ್ಯಾವಹಾರಿಕ ಮಹತ್ವವೂ ಇದೆ. ಶಶಿ, ಕಿರಣ, ಪಂಕಜ, ವಸಂತ ಎಂಬ ಹೆಸರುಗಳುಳ್ಳ ಲೇಖಕರನ್ನು ಗೌರವ ಬಹುವಚನದಲ್ಲಿ ಉಲ್ಲೇಖಿಸುವ ಸೂಚಿಗಳಲ್ಲಿ ಲೇಖಕ, ಲೇಖಕಿ ಎಂಬ ಭೇದ ಅಳಿಸಿಹೋಗುತ್ತದೆ. ಹೆಸರು ಹುಟ್ಟಿಸುವ ಅನಿಸಿಕೆಯನ್ನೇ ನಂಬಿ ಮಹಿಳಾ ಸಾಹಿತ್ಯದ ಚರಿತ್ರೆಯನ್ನು ಬರೆಯಹೊರಟರೆ ಕೆಲವು ಲೇಖಕಿಯರು ಗಂಡಸರ ಪಟ್ಟಿಗೆ ಸೇರುವ, ಕೆಲವು ಲೇಖಕರು ಹೆಂಗಸರ ಪಟ್ಟಿಗೆ ಸೇರುವ ಅಪಾಯವಿದೆ. ಕುಸುಮಾಕರ ದೇವರಗೆಣ್ಣೂರ ಎಂಬುದು ವಸಂತ ದಿವಾಣಜಿಯವರ ಕಾವ್ಯನಾಮ, ತ್ರಿವೇಣಿ ಎಂಬುದು ಅನಸೂಯಾ ಶಂಕರ್ ಅವರ ಕಾವ್ಯನಾಮ ಎಂಬುದನ್ನು ಬಲ್ಲವರಿಗೆ ಸಮಸ್ಯೆಯಿಲ್ಲ. ಅಷ್ಟು ಪ್ರಸಿದ್ಧರಲ್ಲದ ನೂರಾರು ಹೆಸರುಗಳ ವಿಷಯದಲ್ಲಿ ಸೂಚಿಕಾರರು ಎಚ್ಚರ ವಹಿಸಬೇಕಾಗುತ್ತದೆ. ತರಗತಿಯಲ್ಲಿ ಲಿಂಗಪ್ರಕರಣವನ್ನು ಬೋಧಿಸುವಾಗಲೂ ವಿದ್ಯಾರ್ಥಿಗಳ ಹೆಸರುಗಳನ್ನೇ ಉದಾಹರಣೆಯಾಗಿ ಬಳಸಿ ದ, ನ, ಳ ಆಗಮಗಳ ಕೆಲಸವನ್ನು ತೋರಿಸಬಹುದು.

ಎಂ.ಎಂ. ಕಲಬುರ್ಗಿ ಅವರ ‘ಕನ್ನಡ ನಾಮವಿಜ್ಞಾನ’ದಂತಹ ಕೃತಿಗಳಿಂದ ಈ ಕ್ಷೇತ್ರಕ್ಕೆ ಗಟ್ಟಿಯಾದ ತಳಹದಿ ದೊರೆತಿದೆ. ಅದರ ಮೇಲೆ ಜಿಲ್ಲಾವಾರು, ಸಮುದಾಯವಾರು ಮತ್ತು ತಲೆಮಾರುವಾರು ನಿಸರ್ಗನಾಮಗಳ ಸಂಗ್ರಹ ನಡೆಯಬೇಕಾಗಿದೆ. ಹಳೆಯ ಶಾಲಾ ದಾಖಲಾತಿ ಪುಸ್ತಕಗಳು ಅದಕ್ಕೆ ಉತ್ತಮ ಆಕರಗಳು. ಯಾವ ತಲೆಮಾರಿನಲ್ಲಿ ಅಪ್ಪ, ಅಮ್ಮಗಳು ಹೆಸರಿನಿಂದ ಕಳಚಿಕೊಂಡವು, ಆಗ ಯಾವ ಯಾವ ಹೂ, ಹೊಳೆ, ಬೆಟ್ಟಗಳು ಗಂಡುಮಕ್ಕಳ ಹೆಸರುಗಳಿಂದ ಹಿಂದೆ ಸರಿದವು ಎಂಬುದನ್ನು ಆ ಪುಸ್ತಕಗಳಿಂದ ನಿಖರವಾಗಿ ಗುರುತಿಸಲು ಸಾಧ್ಯ.